ವಿಮಾನದ ದೂರ ಹೇಳುವ ಯಂತ್ರಕ್ಕೆ ದರ್ಜಿಯ ಅರಿಕೆ

ಮಾನ್ಯ ಯಂತ್ರ ಮಹಾಶಯರೇ,

ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದು ಗುಂಡಿ ಒತ್ತಿದರೆ ರೆಪ್ಪೆ ಬಡಿಯುವುದರೊಳಗೆ ನಡುವಿನ ದೂರವನ್ನೂ ಪ್ರಯಾಣದ ಸಮಯವನ್ನೂ ಹೇಳಿಬಿಡುವ ತಮ್ಮ ಸನ್ನಿಧಾನಕ್ಕೆ, ಇಪ್ಪತ್ತೆಂಟು ವರ್ಷಗಳಿಂದ ಕೊರಳಲ್ಲಿ ಟೇಪು ಹಾಕಿಕೊಂಡೇ ಬದುಕಿರುವ ದರ್ಜಿಯೊಬ್ಬನ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಸೊಂಟ ಅಷ್ಟು ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ತಾವೇ.

ದೂರದೇಶದಲ್ಲಿ ನರ್ಸ್ ಆಗಿರುವ ನಮ್ಮಕ್ಕ, ಏಳು ವರ್ಷದ ಹಿಂದೆ ಇಲ್ಲಿಂದ ಹೊರಟ ದಿನ, ನಾನು ಹೊಲಿದುಕೊಟ್ಟ ಕೋಟು ತೊಟ್ಟು, ಬಂದವರೆಲ್ಲರ ಎದುರಿಗೆ "ತೋಳು ಗಿಡ್ಡ ಆಯ್ತಲ್ಲೋ" ಅಂದುಬಿಟ್ಟಳು. ಅವತ್ತು ಮುಖ ತಿರುಗಿಸಿದವನು ಮತ್ತೆ ಅವಳೊಡನೆ ಮಾತಾಡಲಿಲ್ಲ. ಮೊನ್ನೆ ಅವಳೇ ನನ್ನ ಹೆಂಡತಿಗೆ ಫೋನು ಮಾಡಿ, "ಶುಕ್ರವಾರ ಸಂಜೆ ಹೊರಡ್ತೀನಿ. ಕರಕೊಂಡು ಹೋಗೋಕೆ ಅವನು ಬರದಿದ್ರೆ ನಾನು ಹೋಟೆಲಲ್ಲೇ ಇರ್ತೀನಿ, ಮನೆಗೆ ಬರಲ್ಲ" ಎಂದಳಂತೆ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಲು ನನ್ನ ಬಿಗುಮಾನ ಬಿಡಲಿಲ್ಲ. ಕೇಳಹೊರಟ ಹೆಂಡತಿಯನ್ನೂ ತಡೆದು, ತಮ್ಮನ್ನು ಕೇಳಿದೆ.

ತಾವು ಭೂಪಟದ ಮೇಲೆ, ನಾವು ಕಂಕುಳಿಗೆ ಕತ್ತರಿಸುವ ಬಾಗಿನಂಥ ಸೊಗಸಾದ ಗೆರೆ ಎಳೆದು, ಒಂಬತ್ತು ಗಂಟೆ ಐವತ್ತೆರಡು ನಿಮಿಷ ಎಂದಿರಿ. ಆ ಎರಡು ನಿಮಿಷವನ್ನೂ ಬಿಡದ ತಮ್ಮ ನಿಷ್ಠೆಗೆ ಮರುಳಾಗಿ, ಹೊಲಿಗೆಗೆ ಎರಡು ಬೆರಳು ಬಟ್ಟೆ ಬಿಡುವ ಅಭ್ಯಾಸದಂತೆ ಅರ್ಧ ಗಂಟೆ ಸೇರಿಸಿಕೊಂಡು, ಎರಡು ದೇಶಗಳ ಗಡಿಯಾರದ ವ್ಯತ್ಯಾಸವನ್ನೂ ಕೂಡಿಸಿ, ಹೊಸ ಕೋಟೊಂದನ್ನು ತೋಳ ಮೇಲೆ ಹಾಕಿಕೊಂಡು ಶನಿವಾರ ಬೆಳಿಗ್ಗೆ ಎಂಟಕ್ಕೇ ವಿಮಾನ ನಿಲ್ದಾಣದ ಬಾಗಿಲೆದುರು ನಿಂತೆ. ಅಕ್ಕ ನಡುವೆ ಎಲ್ಲೋ ಇಳಿದು, ಎಂಟು ಗಂಟೆ ಕಾದು, ಇನ್ನೊಂದು ವಿಮಾನ ಹತ್ತಬೇಕಿತ್ತೆಂಬುದು ತಮ್ಮ ಗೆರೆಯಲ್ಲಿ ಇರಲಿಲ್ಲ. ಅವಳ ಕಣ್ಣಿಗೆ ಬೀಳದೆ ಹೋದೇನೆಂದು ಚಹಾಕ್ಕೂ ಕದಲಲಿಲ್ಲ. ನೆಲ ಒರೆಸುವಾಕೆ ಮೂರು ಸಲ "ಸ್ವಲ್ಪ ಕಾಲು ತೆಗೀರಿ" ಎಂದರು. ಮಧ್ಯಾಹ್ನದ ಹೊತ್ತಿಗೆ, ಅವಳು ಬಂದು, ನನ್ನನ್ನು ಕಾಣದೆ ಹೋಟೆಲಿಗೆ ಹೋಗಿಬಿಟ್ಟಳೆಂದೇ ತೀರ್ಮಾನಿಸಿ, ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಆದ್ದರಿಂದ ತಾವು ಇನ್ನು ಮುಂದೆ ನಡುದಾರಿಯ ಕಬ್ಬಿಣದ ಕುರ್ಚಿಯಲ್ಲಿ ಕೂರುವ ಹೊತ್ತನ್ನೂ, ಸಾಧ್ಯವಾದರೆ ತಮ್ಮನೊಬ್ಬನ ಬಿಗುಮಾನ ಇಳಿಯಲು ಬೇಕಾದ ಗಂಟೆಗಳನ್ನೂ ಕೆಳಗೆ ನಮೂದಿಸಬೇಕೆಂದು ಪ್ರಾರ್ಥಿಸುತ್ತೇನೆ. ಅದು ಕಷ್ಟವಾದರೆ "ಬರುವವರನ್ನೇ ಕೇಳಯ್ಯಾ" ಎಂದು ಬರೆದರೂ ಸಾಕು.

ಸಂಜೆ ಐದಕ್ಕೆ ಅಕ್ಕ ಹೊರಬಂದಳು. "ಯಾವಾಗ ಬಂದೆಯೋ?" ಎಂದಳು. ಈಗ ತಾನೇ ಎಂದೆ. ಹೊಸ ಕೋಟು ಕೊಟ್ಟೆ, ಅಲ್ಲೇ ತೊಟ್ಟಳು. ಹಳೆಯ ಅಳತೆಗೆ, ತೋಳು ಮಾತ್ರ ಎರಡು ಬೆರಳು ಹೆಚ್ಚಿಟ್ಟು ಹೊಲಿದಿದ್ದೆ. ಅಕ್ಕ ಅಷ್ಟು ಸೊರಗಿಹೋಗಿದ್ದಳು, ಭುಜ ಜಾರಿ ತೋಳು ಬೆರಳ ತುದಿ ಮುಚ್ಚಿತು. ಅವಳು ಅದನ್ನು ಸದ್ದಿಲ್ಲದೆ ಎರಡು ಮಡಿಕೆ ಮಡಚಿಕೊಂಡು, "ಸರಿಯಾಗಿದೆ ಕಣೋ, ನಡಿ ಮನೆಗೆ" ಎಂದಳು.

ಒಂಬತ್ತು ಗಂಟೆ ನಿಂತರೂ ಮುನಿಯದ
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ಮರೆತ ಮಾತು: ಅಕ್ಕ ಮುಂದಿನ ತಿಂಗಳು ವಾಪಸು ಹೊರಡುತ್ತಾಳೆ. ಎಷ್ಟು ಹೊತ್ತಿಗೆ ತಲುಪುತ್ತೀ ಎಂದು ಈ ಸಲ ಅವಳನ್ನೇ ಕೇಳಿದೆ. ಏಳು ವರ್ಷ ಬಾಯಿ ಹೊಲಿದುಕೊಂಡಿದ್ದಕ್ಕೆ ಮೊದಲು ಅರ್ಧ ಗಂಟೆ ಬೈದು, ಆಮೇಲೆ ಸಮಯ ಹೇಳಿದಳು. ತಮ್ಮ ಉತ್ತರ ಬೇಗ ಬರುತ್ತದೆ, ಒಪ್ಪುತ್ತೇನೆ. ನನಗೆ ಬೇಕಾಗಿದ್ದದ್ದು ಆ ಬೈಗುಳ.