ಹಾಡಿಗೆ ಬಂದ ಪಂಡಿತರು

ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಮುಂಗಾರು ತಪ್ಪಿದ ವರ್ಷಗಳುಂಟು, ಸಂಶೋಧಕರು ತಪ್ಪಿದ ವರ್ಷ ಒಂದೂ ಇಲ್ಲ. ಅರವತ್ತರ ದಶಕದ ಕೊನೆಯಿಂದ ಏಳೆಂಟು ವರ್ಷ ನಾನು ಅಲ್ಲಿ ಗ್ರಾಮಸೇವಕನಾಗಿದ್ದೆ. ಗೊಬ್ಬರ, ಬಿತ್ತನೆ ಬೀಜ ಹಂಚುವುದರ ಜೊತೆಗೆ ಬ್ಲಾಕ್ ಆಫೀಸಿನವರು ನನ್ನ ತಲೆಗೆ ಕಟ್ಟಿದ್ದ ಇನ್ನೊಂದು ಕೆಲಸವೆಂದರೆ, ಯೂನಿವರ್ಸಿಟಿಗಳಿಂದ ಬರುವ ವಿದ್ವಾಂಸರನ್ನು ಕಾಕನಕೋಟೆ ಕಾಡಂಚಿನ ಒಂದು ಹಾಡಿಗೆ ಕರೆದುಕೊಂಡು ಹೋಗುವುದು. ಹಾಡಿಯೆಂದರೆ ಕಾಡಿನ ಜನರ ಸಣ್ಣ ಊರು, ಇಪ್ಪತ್ತು ಗುಡಿಸಲು. ಅಂಥ ಹಾಡಿಗಳು ಸುತ್ತ ಬೇಕಾದಷ್ಟಿದ್ದವು. ಆದರೆ ಇದೊಂದಕ್ಕೆ ಜೀಪು ಹೋಗುತ್ತಿದ್ದುದರಿಂದ ಎಲ್ಲ ಶಾಸ್ತ್ರಗಳಿಗೂ ಇದೇ ಬೇಕಾಗಿತ್ತು.

ಹಾಡಿಯವರಿಗೆ ಬೇಕಾಗಿದ್ದು ಒಂದು ಬಾವಿ. ಹೆಂಗಸರು ಒಂದು ಮೈಲಿ ನಡೆದು ಕಾಡೊಳಗಿನ ಒರತೆಯಿಂದ ನೀರು ತರಬೇಕು. ಆನೆ ಬಂದು ನಿಂತಿದ್ದರೆ ಅದು ಕುಡಿದು ಹೋಗುವವರೆಗೆ ಮರದ ಮರೆಯಲ್ಲಿ ಕಾಯಬೇಕು. ತಾವೇ ತೋಡಿಕೊಳ್ಳೋಣವೆಂದರೆ ನೆಲ ಫಾರೆಸ್ಟಿನವರದು, ಗುದ್ದಲಿ ಎತ್ತಿದರೆ ಕೇಸು. ನಾನು ಚುಂಚನಕಟ್ಟೆ ಕಡೆಯವನು, ನಾಲೆಯಲ್ಲಿ ಈಜಿ ಬೆಳೆದವನು. ಅವರು ಬಾವಿ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗಲೆಲ್ಲ ಒಂದು ಅರ್ಜಿ ಬರೆಯುತ್ತಿದ್ದೆ. ಸರ್ಕಾರಿ ನೌಕರನ ಕೈಯಲ್ಲಿ ಮತ್ತೇನು ತಾನೆ ಆಗುತ್ತದೆ?

ತಲೆ ಅಳೆದವರು

ಮೊದಲು ಬಂದವರು ಮಾನವಶಾಸ್ತ್ರದವರು. ಇಕ್ಕಳದಂಥ ಒಂದು ಕಬ್ಬಿಣದ ಸಾಧನ ತಂದಿದ್ದರು. ಅದರಿಂದ ಮನುಷ್ಯರ ತಲೆಯ ಉದ್ದ, ಅಗಲ, ಮೂಗಿನ ಎತ್ತರ ಅಳೆದು, ಈ ಜನ ಯಾವ ಖಂಡದಿಂದ ಬಂದವರು ಎಂದು ಕಂಡುಹಿಡಿಯುತ್ತಾರಂತೆ. ಎಲ್ಲಿಂದಲೂ ಬಂದಿಲ್ಲ, ಇಲ್ಲೇ ಇದ್ದೀವಿ ಎಂದು ಹಾಡಿಯ ಯಜಮಾನ ಹೇಳಿದ. ಆ ಮಾತಿಗೆ ಅವರ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.

ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಲಾಗಿ ಕೂರಿಸಿ ಅಳೆದರು. ಕೊನೆಗೆ ಯಜಮಾನನ ಹೆಂಡತಿಯ ಸರದಿ ಬಂತು. ಆಕೆ ಒರತೆಯಿಂದ ಆಗತಾನೆ ಬಂದು ಕೊಡ ಇಳಿಸಿದ್ದಳು. ಇಕ್ಕಳ ಹಿಡಿದ ವಿದ್ವಾಂಸರು, ನೆತ್ತಿ ಸ್ವಲ್ಪ ಚಪ್ಪಟೆ ಇದೆ, ಇದು ಬಹಳ ಮುಖ್ಯವಾದ ಲಕ್ಷಣ ಎಂದರು. ಆಕೆ ನನ್ನ ಕಡೆ ತಿರುಗಿದಳು.

"ದಿನಕ್ಕೆ ಮೂರ್ ಕಿತಾ ಕೊಡ ಒತ್ಕಂಡ್ ಬರಾಕೆ ಯೋಳಿ ಸ್ವಾಮಿ. ಅವ್ರ್‌ದೂ ಅಂಗೇ ಆಯ್ತದೆ."

ನೀರು ಕುಡಿಯಿರಿ

ಮಾರನೆಯ ವರ್ಷ ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ಹೊಟ್ಟೆಯ ಕಾಯಿಲೆಗಳ ಸಂಶೋಧನೆಗೆ ಬಂದರು. ಹುಣಸೂರಿನಿಂದ ಜೀಪಿನಲ್ಲಿ ಒಂದು ಪೆಟ್ಟಿಗೆ ಗಾಜಿನ ಸೀಸೆಗಳು. ಹಾಡಿಯವರು ಕುಡಿಯುವ ನೀರನ್ನು ಪರೀಕ್ಷಿಸಬೇಕು ಎಂದರು. ಒರತೆಯವರೆಗೆ ನಡೆಯಲು ಅವರಿಗೆ ಪುರುಸೊತ್ತಿರಲಿಲ್ಲ, ಆನೆಯ ವಿಷಯ ಬೇರೆ ನಾನು ಹೇಳಿಬಿಟ್ಟಿದ್ದೆ. ಹಾಗಾಗಿ ಯಜಮಾನನ ಮನೆಯ ಕೊಡವನ್ನೇ ತರಿಸಿದರು. ಸೀಸೆಗಳು ಶುದ್ಧವಾಗಿರಬೇಕೆಂದು ಒಂದೊಂದನ್ನೂ ಮೂರು ಸಲ ಆ ನೀರಿನಲ್ಲೇ ಗಲಬರಿಸಿ ಚೆಲ್ಲಿದರು. ಉಳಿದದ್ದನ್ನು ತುಂಬಿಕೊಂಡರು. ಕೊಡ ಖಾಲಿಯಾಯಿತು.

ಆಮೇಲೆ ಎಲ್ಲರನ್ನೂ ಸೇರಿಸಿ ಆರೋಗ್ಯದ ಬಗ್ಗೆ ಭಾಷಣ ಮಾಡಿದರು. ಮುಖ್ಯವಾದ ಮಾತೆಂದರೆ ಧಾರಾಳವಾಗಿ ನೀರು ಕುಡಿಯಬೇಕು. ಯಜಮಾನನ ಹೆಂಡತಿ ಖಾಲಿ ಕೊಡ ಕಂಕುಳಿಗೆ ಇಟ್ಟುಕೊಂಡು, ಕುಡಿಯುತ್ತೇವೆ, ಆ ಸೀಸೆಗಳನ್ನು ಇಲ್ಲೇ ಬಿಟ್ಟು ಹೋಗಿ ಎಂದಳು. ಒಂದು ವರ್ಷದ ಮೇಲೆ ವರದಿ ಬಂತು. ಈ ನೀರು ಕುಡಿಯಲು ಯೋಗ್ಯವಲ್ಲವಂತೆ, ಬೇರೆ ನೀರು ಕುಡಿಯಬೇಕಂತೆ.

ಮಾತು ಹಿಡಿದವರು

ಆಮೇಲೆ ಭಾಷಾಶಾಸ್ತ್ರದವರು ಬಂದರು. ಅವರದು ಟೇಪ್ ರೆಕಾರ್ಡರು, ಎರಡು ಚಕ್ರ ತಿರುಗುವಂಥದ್ದು. ಯಾರಾದರೂ ಬಿಡದೆ ಅರ್ಧ ಗಂಟೆ ಮಾತಾಡಬೇಕು ಎಂದರು. ಮಾತು ಬೆಂಗಳೂರಿನವರೆಗೂ ಹೋಗುತ್ತದೆ ಎಂದು ತಿಳಿದ ಯಜಮಾನ ಮುಂದೆ ಬಂದು ಕುಳಿತ. ಒರತೆ, ಮೈಲಿ, ಆನೆ, ಬಸುರಿ ಹೆಂಗಸು ಕೊಡದ ಸಮೇತ ಬಿದ್ದದ್ದು, ಗುದ್ದಲಿ ಎತ್ತಿದವನನ್ನು ಗಾರ್ಡು ಹಿಡಿದುಕೊಂಡು ಹೋದದ್ದು, ಒಂದನ್ನೂ ಬಿಡದೆ ಹೇಳಿದ. ಅಷ್ಟು ಚೆನ್ನಾದ ಅರ್ಜಿಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ವಿದ್ವಾಂಸರು ಕಣ್ಣು ಮುಚ್ಚಿ ತಲೆದೂಗುತ್ತಾ ಕೇಳಿದರು. ನನಗೂ ಆಸೆ ಹುಟ್ಟಿತು.

ಅವರನ್ನು ರೈಲಿಗೆ ಹತ್ತಿಸಲು ಹೋಗುವಾಗ ದಾರಿಯ ಬಿಳಿಕೆರೆಯಲ್ಲಿ ಟೀ ಕುಡಿಯಲು ಜೀಪು ನಿಂತಿತು. ಯಜಮಾನ ಹೇಳಿದ್ದರ ಬಗ್ಗೆ ಏನಾದರೂ ಮಾಡಬಹುದೇ ಸಾರ್ ಎಂದು ಮೆಲ್ಲಗೆ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಅವನು ಹೇಗೆ ಹೇಳಿದ ಅನ್ನೋದು ಮಾತ್ರ ನಮ್ಮದು ಕಣ್ರೀ. ಏನು ಹೇಳಿದ ಅನ್ನೋದು ಸಮಾಜಶಾಸ್ತ್ರ ವಿಭಾಗಕ್ಕೆ ಹೋಗುತ್ತೆ."

ಅತ್ತಿಮರದ ಕೆಳಗೆ

ಹಾಡಿಯ ಪಕ್ಕದ ತಗ್ಗಿನಲ್ಲಿ ಒಂದು ಅತ್ತಿಮರವಿತ್ತು. ಬೇಸಿಗೆಯಲ್ಲಿ ಕಾಡೆಲ್ಲ ಒಣಗಿ ಕಡ್ಡಿಯಾದರೂ ಅದೊಂದು ಹಸಿರಾಗಿರುತ್ತಿತ್ತು. ಅದರ ಬುಡದಲ್ಲಿ ನೀರಿದೆ ಎನ್ನುವುದು ಹಾಡಿಯ ಮಕ್ಕಳಿಗೂ ಗೊತ್ತು. ಸಸ್ಯಶಾಸ್ತ್ರದವರು ಬಂದು ಅದರ ಎಲೆ, ಕಾಯಿ ಕಿತ್ತು ಪೇಪರಿನ ಮಧ್ಯೆ ಒತ್ತಿಟ್ಟುಕೊಂಡು ಹೋದರು. ಬೇರಿನ ವಿಚಾರ ಯಜಮಾನ ಹೇಳಹೋದರೆ, ತಮ್ಮ ಪ್ರಬಂಧ ಎಲೆಯ ಮೇಲೆ ಮಾತ್ರ ಎಂದರು.

ಅವರ ಹಿಂದೆಯೇ ಭೂವಿಜ್ಞಾನದವರು. ಬಾವಿಯ ಅರ್ಜಿಗೆ ಅವರ ಒಂದು ಮಾತು ಸೇರಿಸಿದರೆ ಸಾಕು, ಮಂಜೂರಾಗುತ್ತದೆ ಎಂದು ಬ್ಲಾಕ್ ಆಫೀಸಿನ ಬಿಡಿಓ ಸಾಹೇಬರು ಹೇಳಿದ್ದರು. ನೋಡಿ ಬರೆದುಕೊಡಿ ಎಂದು ಕೈಮುಗಿದೆ. ಅವರು ಆ ಅತ್ತಿಮರದ ನೆರಳಿನಲ್ಲೇ ಕುಳಿತು, ಪಕ್ಕದ ಬಂಡೆಯನ್ನು ಸುತ್ತಿಗೆಯಿಂದ ಎರಡು ಸಲ ಕುಟ್ಟಿ, ಈ ಸುತ್ತಿನಲ್ಲಿ ಅಂತರ್ಜಲ ಇಲ್ಲ ಎಂದು ಬರೆದು ಸಹಿ ಹಾಕಿದರು. ಅಲ್ಲೇ ಬುತ್ತಿ ಬಿಚ್ಚಿ ಚಿತ್ರಾನ್ನ ಉಂಡು, ಕೈ ತೊಳೆಯಲು ಒಂದು ಚೊಂಬು ನೀರು ಕೇಳಿದರು.

ಯಜಮಾನ ಎದ್ದೇಳಲಿಲ್ಲ. "ಈಗ್ ತಾನೆ ಇಲ್ಲ ಅಂತ ಬರ್ದ್ರಲ್ಲ ಸ್ವಾಮಿ, ಎಲ್ಲಿಂದ ತರ್ಲಿ?" ಎಂದ.

ಅಗೆದವರು

ಕೊನೆಗೆ ಬಂದವರು ಪುರಾತತ್ವದವರು. ಹಳೆಯ ಕಾಲದ ಗೋರಿ, ಮಡಕೆ ಹುಡುಕುವುದು ಅವರ ಕೆಲಸ. ಹಳೆಯದು ಏನಾದರೂ ಎಲ್ಲಿದೆ ಎಂದು ಯಜಮಾನನನ್ನು ಕೇಳಿದರು. ಅವನು ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ಅಗೆಯಲು ಕಾಗದ ಇದೆಯೇ ಎಂದು ವಿಚಾರಿಸಿದ. ಇದೆ, ಸೀಲು ಬಿದ್ದಿದೆ, ಫಾರೆಸ್ಟಿನವರೂ ಸಹಿ ಹಾಕಿದ್ದಾರೆ ಎಂದೆ. ಅವನು ಪಂಡಿತರನ್ನು ನೇರವಾಗಿ ಅತ್ತಿಮರದ ಹತ್ತಿರ ಕರೆದುಕೊಂಡು ಹೋದ.

"ಇಲ್ಲೈತೆ ಸ್ವಾಮಿ. ನಮ್ ತಾತ ಯೋಳ್ತಿದ್ದ. ಆದ್ರೆ ಸ್ಯಾನೆ ಆಳ್ದಾಗೈತೆ."

ನನಗೆ ಅರ್ಥವಾಯಿತು. ಸರ್ಕಾರಿ ನೌಕರಿಯಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಅವತ್ತು ಬಾಯಿ ಮುಚ್ಚಿಕೊಂಡಿದ್ದು.

ಪಂಡಿತರು ದಾರ ಕಟ್ಟಿ ಚೌಕ ಗುರುತು ಮಾಡಿದರು. ಅಗೆಯಲು ಹಾಡಿಯವರನ್ನೇ ಕೂಲಿಗೆ ಹಿಡಿದರು. ತಮ್ಮ ಬಾವಿ ತಾವು ತೋಡಿಕೊಳ್ಳಲು ದಿನಗೂಲಿ ಪಡೆದ ಜನ ಇಡೀ ಜಿಲ್ಲೆಯಲ್ಲಿ ಇವರು ಮಾತ್ರ ಇರಬೇಕು. ನಾಲ್ಕು ಅಡಿ ಆಯಿತು, ಏನೂ ಸಿಗಲಿಲ್ಲ. ನಾಳೆಯಿಂದ ಬೇರೆ ಕಡೆ ನೋಡೋಣ ಎಂದು ಪಂಡಿತರು ಹೇಳಿದಾಗ ಹಾಡಿಯವರ ಮುಖ ಇಳಿದುಹೋಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಗುಂಡಿಯ ತಳದಲ್ಲಿ ಮಣ್ಣು ಮೆತ್ತಿದ ಒಂದು ಮಡಕೆಚೂರು. ಪಂಡಿತರು ಅದನ್ನು ಹತ್ತಿಯಲ್ಲಿ ಸುತ್ತಿ, ಖಂಡಿತ ಕ್ರಿಸ್ತಪೂರ್ವದ್ದು ಎಂದರು. ಯಜಮಾನನ ಹೆಂಡತಿ ಇಣುಕಿ ನೋಡಿ, ಹೋದ ಯುಗಾದಿಗೆ ಒಡೆದದ್ದು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಅಲ್ಲಿಂದ ಮುಂದೆ ಪಂಡಿತರ ಉತ್ಸಾಹ ಕುಂದಿದಾಗಲೆಲ್ಲ ಒಂದೊಂದು ಚೂರು ಸಿಗುತ್ತಾ ಬಂತು. ಹಾಡಿಯಲ್ಲಿ ಒಡಕು ಮಡಕೆಗಳು ಮುಗಿಯುತ್ತಾ ಬಂದವು. ಹನ್ನೆರಡನೆಯ ಅಡಿಯಲ್ಲಿ ಮಣ್ಣು ತೇವವಾಯಿತು. ಮಾರನೆಯ ಬೆಳಿಗ್ಗೆ ಗುಂಡಿಯೊಳಗೆ ಮೊಣಕಾಲುದ್ದ ನೀರು. ಪಂಡಿತರು, ಮಣ್ಣಿನ ಪದರವೆಲ್ಲ ಹಾಳಾಯಿತು, ಮೂರು ವಾರದ ಶ್ರಮ ಹೋಯಿತು ಎಂದು ದಂಡೆಯ ಮೇಲೆ ತಲೆ ಹಿಡಿದುಕೊಂಡು ಕುಳಿತರು. ಅವರ ಬೆನ್ನ ಹಿಂದೆ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು.

ಆದರೆ ಮಳೆಗಾಲ ಬಂದರೆ ಗುಂಡಿ ಕುಸಿಯುತ್ತದೆ, ಸುತ್ತ ಕಲ್ಲು ಕಟ್ಟಿಸಲೇಬೇಕು. ನಾನು ಮತ್ತೆ ಅರ್ಜಿ ಬರೆದೆ. ಉತ್ತರ ಬೇಗನೆ ಬಂತು. ಭೂವಿಜ್ಞಾನದವರ ವರದಿಯಂತೆ ಆ ಜಾಗದಲ್ಲಿ ನೀರಿಲ್ಲ, ನೀರಿಲ್ಲದ ಮೇಲೆ ಬಾವಿಯಿಲ್ಲ, ಇಲ್ಲದ ಬಾವಿಗೆ ಕಲ್ಲು ಕಟ್ಟಿಸಲು ಅವಕಾಶವಿಲ್ಲ. ಆ ಕಾಗದ ಹಿಡಿದುಕೊಂಡು ಹಾಡಿಗೆ ಹೋದೆ. ಯಜಮಾನ ಬಾವಿಯ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಓದಿದ್ದನ್ನು ಪೂರ್ತಿ ಕೇಳಿಸಿಕೊಂಡ. ಬೇಜಾರು ಮಾಡಿಕೊಳ್ಳಲಿಲ್ಲ.

"ಓಗ್ಲಿ ಬುಡಿ ಸ್ವಾಮಿ," ಎಂದ. "ನಿಮ್ ಯೂನಿವರ್ಸಿಟಿನಾಗೆ ಕಲ್ಲು ಕಟ್ಟೋದ್ನ ಓದಿರೋರು ಯಾರಾನ ಇದ್ರೆ, ಈ ಸಲ ಅವ್ರ್ನ ಕರ್ಕಂಡ್ ಬನ್ನಿ."