ಹೊಸ ಕಣ್ಣಿನ ನಡುವಿನ ದೂರ

ಕಣ್ಣಿಗೆ ಪೊರೆ ಬರುವುದರಲ್ಲಿ ಒಂದು ಸುಖವಿದೆ ಎಂದರೆ ನೀವು ನಗಬಹುದು. ಆದರೆ ಪೊರೆ ಇದ್ದಷ್ಟು ದಿನ ಇಳಕಲ್ಲಿನ ನಮ್ಮ ಓಣಿ ಸ್ವಚ್ಛವಾಗಿತ್ತು, ಮನೆಯ ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ, ನನ್ನ ಹೆಂಡತಿ ನೀಲವ್ವನಿಗೆ ವಯಸ್ಸೇ ಆಗಿರಲಿಲ್ಲ. ಪಕ್ಕದ ಮನೆಯ ಕಟ್ಟೆಯ ಮೇಲೆ ಒಣಹಾಕಿದ್ದ ಕಂಬಳಿಗೆ ನಾನು ಊಟ ಆಯಿತೇ ಎಂದು ವಿಚಾರಿಸಿದ ಮೇಲೆಯೇ ನೀಲವ್ವ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಎಳೆದುಕೊಂಡು ಹೋದದ್ದು.

ಡಾಕ್ಟರು ಟ್ರೈಫೋಕಲ್ ಟೋರಿಕ್ ಲೆನ್ಸ್ ಎಂಬುದನ್ನು ತಾಳ್ಮೆಯಿಂದ ವಿವರಿಸಿದರು. ದೂರ, ಹತ್ತಿರ, ನಡುವೆ, ಮೂರಕ್ಕೂ ಅದೊಂದೇ ಸಾಕಂತೆ. ಕಣ್ಣುಗುಡ್ಡೆಯ ಹುಟ್ಟು ಡೊಂಕನ್ನೂ ಅದೇ ತಿದ್ದುತ್ತದಂತೆ. ಓದುವಾಗ ಬೆಳಕು ಚೆನ್ನಾಗಿರಬೇಕು, ರಾತ್ರಿ ದೀಪಗಳ ಸುತ್ತ ಕೆಲವು ದಿನ ಬಳೆಗಳು ಕಂಡರೆ ಗಾಬರಿಯಾಗಬೇಡಿ ಎಂದರು. ನೀಲವ್ವ ಎಲ್ಲವನ್ನೂ ಕೇಳಿ, “ಈ ಮೂರರಾಗ ನಾ ಎಲ್ಲಿ ಬರ್ತೇನ್ರಿ?” ಎಂದಳು. ಚಾ ಕುಡಿಯಲು ಎದುರಿಗೆ ಕೂತರೆ ನಡುವಿನ ದೂರದಲ್ಲಿ ಬರುತ್ತೀರಿ ಎಂದರು ಡಾಕ್ಟರು. ಅವಳಿಗೆ ಆ ಜಾಗ ಹಿಡಿಸಿತು.

ಆಪರೇಷನ್ ಆಯಿತು. ಹುನಗುಂದದ ಬಸ್ಸಿನ ಬೋರ್ಡನ್ನು ಅದು ತಿರುವಿನಲ್ಲಿರುವಾಗಲೇ ಓದಿಬಿಟ್ಟೆ. ಗುಳಿಗೆ ಚೀಟಿಯ ಇರುವೆಯಂಥ ಅಕ್ಷರಗಳನ್ನೂ ಬಿಡಲಿಲ್ಲ. ಇನ್ನು ನಡುವಿನ ದೂರ. ನಾನು ಸೀರೆ ವ್ಯಾಪಾರಿ. ನೇಕಾರರು ತಂದ ಸೀರೆಯನ್ನು ಮೊಳದ ದೂರದಲ್ಲಿ ಬೆಳಕಿಗೆ ಹಿಡಿದು, ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ನೋಡಿ, ಕಂಡ ತಪ್ಪನ್ನು ದೊಡ್ಡ ದನಿಯಲ್ಲಿ ಹೇಳುವುದೇ ನನ್ನ ಉದ್ಯೋಗ. ಮರುದಿನ ಬೆಳಿಗ್ಗೆ ಚಾ ತಂದ ನೀಲವ್ವನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದೆ. “ತಲಿ ಯಾವಾಗ ಇಷ್ಟು ಬೆಳ್ಳಗಾತು? ಗಲ್ಲದ ಮ್ಯಾಲಿಂದು ಇದೇನು ಗೆರಿ?” ಎಂದೆ. ದೇವರಾಣೆ, ನಾನು ಹೊಗಳಿದ್ದು ಲೆನ್ಸನ್ನು. ಅವಳು ಚಾ ನನ್ನ ಕೈಗಿಟ್ಟು ಒಳಗೆ ಹೋದಳು.

ಅಂದಿನಿಂದ ಚಾ ಸ್ಟೂಲಿನ ಮೇಲೆ ಬಂದು ಕೂರತೊಡಗಿತು, ಅವಳು ಬರಲಿಲ್ಲ. ಕೇಳಿದ್ದಕ್ಕೆಲ್ಲ ಅಡುಗೆಮನೆಯೊಳಗಿಂದಲೇ ಉತ್ತರ. ಸಂಜೆಯಾದರೆ ಪಡಸಾಲೆಯ ಕತ್ತಲ ಮೂಲೆ ಹಿಡಿಯುವಳು. ಮದುವೆಯಾದಾಗಿನಿಂದ ಎದುರುಬದುರು ಕೂತು, ಯಾರ ಮನೆಯಲ್ಲಿ ಏನು ಅಡುಗೆ ಎಂಬಂಥ ಮಾತಾಡುತ್ತ ಚಾ ಕುಡಿದವರು ನಾವು. ಒಬ್ಬನೇ ಕುಡಿಯುವಾಗ ನನಗೆ ನಿಜಕ್ಕೂ ಅಳು ಬಂದಂತಾಯಿತು. ಆದರೆ ಬುದ್ಧಿ ನೋಡಿ, ತಪ್ಪೆಲ್ಲ ಲೆನ್ಸಿನದೇ ಎಂದು ಅದು ತೀರ್ಮಾನಿಸಿತು. ಬಾಗಲಕೋಟೆಗೆ ಹೋಗಿ, ದೂರದ್ದೂ ಹತ್ತಿರದ್ದೂ ಚೆನ್ನಾಗಿದೆ, ನಡುವಿನದು ಮಾತ್ರ ಖಾಲಿ ಎಂದು ದೂರಿದೆ.

ಡಾಕ್ಟರು ಮತ್ತೆ ಮತ್ತೆ ಪರೀಕ್ಷಿಸಿದರು. ಲೆನ್ಸು ಕೂತ ಜಾಗದಿಂದ ಕೂದಲೆಳೆಯಷ್ಟೂ ತಿರುಗಿರಲಿಲ್ಲ. ಹಾಗಾದರೆ ಮನೆಯಲ್ಲಿ ಏನು ಕಾಣುತ್ತಿಲ್ಲ ಎಂದು ಕೇಳಿದರು. ಹೆಂಡತಿ ಎಂದೆ. ಅವರು ಟಾರ್ಚು ಆರಿಸಿ, “ಏನರ ಅಂದಿರೇನು?” ಎಂದರು. ವಾಪಸು ಬರುವ ಬಸ್ಸು ಹುನಗುಂದ ದಾಟುವ ಹೊತ್ತಿಗೆ ನಾನು ಅಂದದ್ದು ನನಗೇ ಕೇಳಿಸತೊಡಗಿತ್ತು.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಪ್ಪಾಯಿತು, ಒಂದು ಸಲ ಎದುರಿಗೆ ಬಾ ಎಂದೆ. ನೀಲವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ನನ್ನ ಕಣ್ಣು ಮೊದಲಿಂದ ಚಲೋ ಅದಾವ. ಇಷ್ಟು ವರ್ಷ ನಿಮ್ಮ ಎದುರಿಗೇ ಕುಂತೇನಿ. ಒಂದರ ತಪ್ಪು ಹಿಡದೇನೇನು?”

ನಾನು ಮುಖ ತೊಳೆಯುವ ಮೋರಿಗೆ ಹೋಗಿ ಅಲ್ಲಿನ ಕನ್ನಡಿಯ ದೀಪ ಹಚ್ಚಿದೆ. ಕಣ್ಣಿಗೆ ನೀರು ತಾಗಿಸಬಾರದೆಂದು ಇಷ್ಟು ದಿನ ಆ ಕಡೆ ಸುಳಿದೇ ಇರಲಿಲ್ಲ. ಕನ್ನಡಿ ಸರಿಯಾಗಿ ಮೊಳದ ದೂರದಲ್ಲಿತ್ತು. ಲೆನ್ಸು ತನ್ನ ಕೆಲಸ ಮಾಡಿತು. ಕಿವಿಯಲ್ಲಿ ಪೊದೆ, ಒಂದೊಂದು ದಿಕ್ಕಿಗೆ ಎದ್ದ ಹುಬ್ಬು, ಎಲ್ಲಿ ಕೂಡಿಸಿದ್ದಾರೆಂಬ ಗುರುತೇ ಇಲ್ಲದಂತೆ ಕುತ್ತಿಗೆಗೆ ಸೇರಿಹೋದ ಗದ್ದ. ಅಂಗಡಿಗೆ ಇಂಥ ಮಾಲು ಬಂದಿದ್ದರೆ ಪೂರ್ತಿ ಬಿಚ್ಚದೆಯೇ ವಾಪಸು ಕಳಿಸುತ್ತಿದ್ದೆ. ಅವಳು ಇಟ್ಟುಕೊಂಡಿದ್ದಳು.

ದೀಪ ಆರಿಸಿ ಬಂದಾಗ ಮಬ್ಬು ಪಡಸಾಲೆಯಲ್ಲಿ ಎರಡು ಕಪ್ ಚಾ ಇಟ್ಟುಕೊಂಡು ನೀಲವ್ವ ನನ್ನ ಎದುರಿನ ಜಾಗದಲ್ಲೇ ಕೂತಿದ್ದಳು. ಜೀವಕ್ಕೆ ಹಾಯೆನಿಸಿತು. ಲೈಟು ಹಚ್ಚಲೇನು ಎಂದು ಕೇಳಿದಳು.

“ಬ್ಯಾಡ ಬಿಡು,” ಎಂದೆ. “ನಿನ್ನ ಕಣ್ಣು ಭಾಳ ಚಲೋ ಅದಾವ.”