ಹದಿನಾಲ್ಕು ಜೇಬು

ಎಲ್ಲದಕ್ಕೂ ಕಾರಣ ಮಹಡಿ ಮೇಲಿನ ಕಿಟಕಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹತ್ತೊಂಬತ್ತು ವರ್ಷ ಕೂತು ಹೊಲಿದ ದರ್ಜಿಗೆ ಹಗಲಲ್ಲೂ ದೀಪ ಬೇಕಿತ್ತು. ಮೇಲಿನ ಕೋಣೆ ಖಾಲಿಯಾದಾಗಿನಿಂದ ಅವನ ಮನಸ್ಸು ಅಲ್ಲೇ ವಾಸವಾಗಿತ್ತು. ಅಲ್ಲಿ ಬೆಳಕು ತಾನಾಗಿ ಬಂದು ಮಡಿಲಿಗೆ ಬೀಳುತ್ತಿತ್ತು, ಆಕಾಶ ಮಲ್ ಬಟ್ಟೆಯ ಥಾನಿನಂತೆ ಹರಡಿಕೊಳ್ಳುತ್ತಿತ್ತು. ಕೋಣೆ ಸಿಗುವ ಮೊದಲೇ ಆ ಕಿಟಕಿಗೆ ತಿಳಿನೀಲಿ ಪರದೆಯನ್ನೂ ಹೊಲಿದಿಟ್ಟಿದ್ದ.

"ಕನಸಿಗೂ ಕಾಜ ಗುಂಡಿ ಹಾಕಿ ಮುಗಿಸಿದ್ರಲ್ಲ ರೀ. ಬಾಡಿಗೆಗೆ ಏನ್ಮಾಡ್ತೀರಿ?" ಎಂದಳು ಹೆಂಡತಿ.

ಕೋಣೆಯ ಮಾಲೀಕರು ಮುಂಗಡಕ್ಕೆ ಇವತ್ತು ಸಂಜೆ ಐದರವರೆಗೆ ಮಾತ್ರ ಕಾಯುತ್ತೇನೆಂದಿದ್ದರು. ದಾರಿ ತೋರಿಸಿದವನು ಎದುರಿನ ಸಲೂನಿನವನು. ಬೀದಿಯಲ್ಲಿ ಯಾರಿಗೆ ಏನಾದರೂ ಮೊದಲು ತಲೆ ಹಾಕುವವನು ಅವನೇ.

"ಮಾಸ್ಟರೇ, ವಾರವಾರ ಎಂಟುನೂರು ಟೈಲರ್‌ಗಳಿಗೆ ಇಮೇಲಲ್ಲಿ ಪತ್ರ ಬರೀತೀರಿ. ಕಾಲರ್ ಕೂರಿಸೋದು ಹೇಗೆ, ತೋಳು ಕತ್ತರಿಸೋದು ಹೇಗೆ, ಎಲ್ಲಾ ಪುಕ್ಕಟೆ. ಅದರಲ್ಲೇ ಕಂಪನಿ ಲಿಂಕ್ ಒಂದು ಹಾಕಿ. ಅದನ್ನೊತ್ತಿ ಯಾರು ಸಾಮಾನು ಕೊಂಡ್ರೂ ನಿಮಗೆ ಕಮಿಷನ್. ಕೂತಲ್ಲೇ ದುಡ್ಡು."

ಕೂತಲ್ಲೇ ಎಂಬುದು ದರ್ಜಿಗೆ ಹಿಡಿಸಿತು. ಹೇಗೂ ಕೂತೇ ಇದ್ದ. ಕಂಪನಿಯೊಂದು ಟೈಲರ್‌ಗಳಿಗೆಂದೇ ಮಾಡಿದ ಹದಿನಾಲ್ಕು ಜೇಬಿನ ಏಪ್ರನ್ನು ಮಾದರಿಗೆ ತರಿಸಿ, ತೊಟ್ಟು, ಮನಸಾರೆ ಹೊಗಳಿ, ಲಿಂಕ್ ಹಾಕಿ, ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಪತ್ರ ಕಳಿಸಿದ.

ಹತ್ತರೊಳಗೆ ಆರುನೂರು ಜನ ಲಿಂಕ್ ಒತ್ತಿದರು. ದರ್ಜಿ ಮಿಷನ್ ನಿಲ್ಲಿಸಿ ಕಣ್ಣು ಮುಚ್ಚಿದ. ನೀಲಿ ಪರದೆ ಗಾಳಿಗೆ ಉಬ್ಬಿತು. ಕಿಟಕಿಗೆ ಒಂದು ಗುಬ್ಬಿ ಬಂದು ಕೂತು, ಅವನ ಹೊಲಿಗೆಯನ್ನು ಕತ್ತು ವಾರೆ ಮಾಡಿ ನೋಡಿತು. ಕಣ್ಣು ತೆರೆದಾಗ ಕೊಂಡವರ ಸಂಖ್ಯೆ ಸೊನ್ನೆ. ಬದಲಿಗೆ ರಾಶಿ ಪ್ರಶ್ನೆಗಳು ಬಂದಿದ್ದವು.

"ಅಣ್ಣಾ, ಎಡಗಡೆ ಜೇಬಿನ ಆಳ ಎಷ್ಟು?"

"ಪಟ್ಟಿ ಒಂದೂವರೆ ಇಂಚೋ, ಎರಡೋ?"

"ಸರ್, ಕತ್ತರಿ ಜೇಬಿನ ಹೊಲಿಗೆ ಫೋಟೋದಲ್ಲಿ ಕಾಣ್ತಿಲ್ಲ."

ಕೊಳ್ಳುವವರು ವಿಚಾರಿಸುವುದು ಸಹಜ ಎಂದುಕೊಂಡು ಟೇಪ್ ಹಿಡಿದು ಒಬ್ಬೊಬ್ಬರಿಗೂ ಅಳತೆ ಬರೆದ. ಮೂವತ್ತು ಜನಕ್ಕೆ ಬರೆಯುವಷ್ಟರಲ್ಲಿ ಕೈ ಸೋತಿತು. ಕೊನೆಗೆ ಏಪ್ರನ್ನಿನ ಹೊಲಿಗೆಯನ್ನೇ ಬಿಚ್ಚಿ, ಕಾಗದದ ಮೇಲೆ ಹರಡಿ, ಹದಿನಾಲ್ಕೂ ಜೇಬಿನ ಕಟಿಂಗ್ ನಕ್ಷೆ ಬರೆದು ಎಂಟುನೂರು ಜನಕ್ಕೂ ಕಳಿಸಿಬಿಟ್ಟ. ಅಷ್ಟು ಚಂದದ ನಕ್ಷೆಯನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ.

ಊಟ ತಂದ ಹೆಂಡತಿ ಅದನ್ನು ನೋಡಿದಳು. "ಟೈಲರ್‌ಗಳಿಗೆ ಹೊಲಿದ ಬಟ್ಟೆ ಮಾರೋಕೆ ಹೋದ್ರಿ, ಇರ್ಲಿ. ನಕ್ಷೆ ಯಾಕೆ ಕೊಟ್ರಿ?"

"ಕೇಳಿದ್ರಲ್ಲ," ಎಂದ ದರ್ಜಿ. ಆಮೇಲೆ ಕಮಿಷನ್ ಲೆಕ್ಕ ತೆರೆದು ನೋಡಿದ, ಇನ್ನೂ ಸೊನ್ನೆಯೇ.

ಐದೂಕಾಲಿಗೆ ಸಲೂನಿನವನು ಬಂದ. ಮೈಮೇಲೆ ಹೊಸ ಏಪ್ರನ್, ಜೇಬು ಜೇಬಿನಲ್ಲೂ ಬಾಚಣಿಗೆ. ದರ್ಜಿಗೆ ಹೋದ ಜೀವ ಬಂದಂತಾಯಿತು.

"ಲಿಂಕ್ ಒತ್ತಿ ತಗೊಂಡ್ಯಾ?"

"ಲಿಂಕ್ ಯಾಕೆ? ಹಿಂದಿನ ಬೀದಿ ಟೈಲರಮ್ಮ ಎರಡು ಗಂಟೇಲಿ ಹೊಲಿದುಕೊಟ್ರು. ನಮ್ಮ ಸಲೂನ್ ಸಂಘದವರು ನೋಡಿ ಇನ್ನೂರಕ್ಕೆ ಆರ್ಡರ್ ಕೊಟ್ರು, ಮುಂಗಡ ಸಮೇತ."

"ನನಗೇ ಕೊಡಬಹುದಿತ್ತಲ್ಲೋ."

"ನೀವಿನ್ನು ಹೊಲಿಯಲ್ಲ, ಕೂತಲ್ಲೇ ದುಡೀತೀರಿ ಅಂದ್ಕೊಂಡೆ ಮಾಸ್ಟರೇ."

ಅವನ ಹಿಂದೆಯೇ ಟೈಲರಮ್ಮ ಬಂದರು. ಕೈಯಲ್ಲಿ ಬೀಗದ ಕೈ ಇತ್ತು.

"ಅಣ್ಣ, ನಿಮ್ಮ ಪತ್ರ ಒಂದು ವಾರನೂ ಬಿಟ್ಟವಳಲ್ಲ ನಾನು. ಇವತ್ತಿನ ನಕ್ಷೆಯಿಂದ ನನ್ನ ಬದುಕೇ ತಿರುಗಿತು. ಇಷ್ಟು ಕೆಲಸಕ್ಕೆ ಮನೆ ಸಾಲಲ್ಲ ಅಂತ ಈ ಮೇಲಿನ ಕೋಣೆ ಹಿಡಿದೆ."

ದರ್ಜಿಗೆ ಅಳು ಬಂತು. ಅದರ ಹಿಂದೆಯೇ, ತನ್ನ ನಕ್ಷೆಯಲ್ಲಿ ಒಂದು ನೂಲೂ ತಪ್ಪಿಲ್ಲವೆಂದು ಹೆಮ್ಮೆಯೂ ಬಂತು.

"ಇನ್ನೊಂದು ಉಪಕಾರ ಆಗ್ಬೇಕು," ಎಂದರು ಟೈಲರಮ್ಮ. "ಬಿಸಿಲು ನೇರ ಕಣ್ಣಿಗೆ ಬೀಳುತ್ತೆ. ನನಗೆ ಕೈ ಬಿಡುವಿಲ್ಲ. ಕಿಟಕಿಗೊಂದು ಪರದೆ ಹೊಲಿದುಕೊಡ್ತೀರಾ? ಅಳತೆಗೆ ಮೇಲೆ ಬನ್ನಿ."

"ಅಳತೆ ಬೇಡಮ್ಮ," ಎಂದು ದರ್ಜಿ ಬೀರು ತೆರೆದ. ತಿಳಿನೀಲಿ ಪರದೆಯನ್ನು ಮಡಿಕೆ ಕೆಡದಂತೆ ಎತ್ತಿ ಅವರ ಕೈಗಿಟ್ಟ.

"ಗುಬ್ಬಿ ಬಂದ್ರೆ ಓಡಿಸಬೇಡಿ," ಎಂದ.